ಒಂದೇ ಒಂದು ಮೂರು

ಈ ತಿರುವಿನಲ್ಲಿ ಟ್ಯಾಂಕರಿನ ಗೇರು ಇಳಿಸುತ್ತೇನೆ,
ಇಳಿಸಲೇಬೇಕಾದ ತಿರುವೇನಲ್ಲ.
ಬೈಪಾಸಿನ ಕೆಳಗೆ, ಎಡಕ್ಕೆ,
ಸುಣ್ಣ ಬಳಿದ ಶಿಲುಬೆಕಟ್ಟೆಯ ಹಿಂದೆ
ಮಳೆಗಾಲಕ್ಕೆ ಗದ್ದೆ, ಕೊಯ್ಲು ಮುಗಿದರೆ ಮೈದಾನ
ಆಗುತ್ತಿದ್ದ ಜಾಗ. ಮಡಗಾಂವಿಗೆ ಮೂರೇ ಮೈಲಿ.

ಸಮತಟ್ಟು ಇರಲಿಲ್ಲ ಎಂದೂ.
ಇಗರ್ಜಿ ಕಡೆಯ ಗೋಲು ಒಂದು ಮೊಳ ಎತ್ತರ,
ಹಿನ್ನೀರಿನ ಕಡೆಯದು ತಗ್ಗು.
ಟಾಸು ಗೆದ್ದವರು ಮೊದಲರ್ಧಕ್ಕೆ ಏರನ್ನೇ ಕೇಳುವರು:
ಉಸಿರಿದ್ದಾಗ ಹತ್ತು, ದಣಿದಾಗ ಇಳಿ.
ಕಲ್ಲು ಹೊರುವಾಗ ನಮ್ಮವ್ವ ಹೇಳುತ್ತಿದ್ದ ಮಾತು,
ಅವರಿಗೆ ಕೊಂಕಣಿಯಲ್ಲಿ ಯಾರು ಹೇಳಿದ್ದರೋ.

ಭತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು.
ಚೆಂಡು ತೂಬಿಗೆ ಬಿದ್ದರೆ ಏಡಿ ಹಿಡಿಯುವ ಮುದುಕನೇ
ಬಲೆ ಹಾಕಿ ಎತ್ತಬೇಕು;
ಅವನ ಬೀಡಿ ಮುಗಿಯುವ ತನಕ
ರೆಫರಿಯ ಗಡಿಯಾರಕ್ಕೂ ಬಿಡುವು.
ಪೊಲೊನ್‌ಬಾಯಿಯ ಬುಟ್ಟಿಯಲ್ಲಿ ಬೇಯಿಸಿದ ಕಡಲೆ,
ಗೋಲಾದರೆ ಪೊಟ್ಟಣಕ್ಕೆ ಒಂದು ಹಿಡಿ ಹೆಚ್ಚು,
ಯಾರು ಹೊಡೆದರೂ.

ನಾನು ಆಡಿದವನಲ್ಲ.
ಇಗರ್ಜಿಯ ಗೋಡೆ ಕಟ್ಟಲು ಬಂದ ಘಾಂಟಿಗಳ ಪೋರ,
ಹೆಸರು ಫಕೀರಪ್ಪ, ವಯಸ್ಸು ಒಂಬತ್ತು,
ಗದಗಿನ ಕಡೆಯ ಮಾತು ಬಿಟ್ಟರೆ
ಅಂಕಿಗಳಷ್ಟೇ ಬರುತ್ತಿದ್ದವು.
ಅಷ್ಟು ಸಾಕು ಎಂದ ಕ್ಲಬ್ಬಿನ ಕಾಯ್ತಾನ್,
ಏಣಿ ತೋರಿಸಿದ.

ಎರಡು ತೆಂಗಿನ ನಡುವೆ ಹಲಗೆ, ಹಲಗೆಗೆ ಮೊಳೆ,
ಎಣ್ಣೆಡಬ್ಬದ ತಗಡು ಕತ್ತರಿಸಿ ಬರೆದ ಅಂಕಿ:
ಸೊನ್ನೆ ಎರಡಿದ್ದವು, ಒಂದು ಎರಡಿದ್ದವು,
ಎರಡೂ ಎರಡಿದ್ದವು.
ಮೂರು, ಒಂದೇ.
ಇಬ್ಬರೂ ಮೂರು ಹೊಡೆಯುವಷ್ಟು ಒಳ್ಳೆಯವರು
ಈ ಊರಲ್ಲಿಲ್ಲ ಎಂದು ಕಾಯ್ತಾನ್ ನಕ್ಕಿದ್ದ.

ಮೂರು ರಾಯರ ಹಬ್ಬದ ಮರುದಿನ ಫೈನಲ್ಲು,
ಮೇಲಿನ ವಾಡೆ, ಕೆಳಗಿನ ವಾಡೆ.
ಗೆದ್ದವರಿಗೊಂದು ಹಂದಿ;
ಕಾರ್ನರಿನ ಕಂಬಕ್ಕೆ ಕಟ್ಟಿದ್ದರು, ನಿದ್ದೆ ಮಾಡಿತ್ತು.
ಮೂರು–ಒಂದು. ಮೂರು–ಎರಡು.
ಆಮೇಲೆ ರುಜಾರ್ ಎಂಬ ಬೇಕರಿಯವನು
ಎಲ್ಲಿಗೋ ಒದ್ದದ್ದು ಇಳಿಜಾರಿನಲ್ಲಿ ಉರುಳಿ ಉರುಳಿ
ಗೋಲಿಯ ಕಾಲ ಸಂದಿಯಿಂದ ಒಳಗೆ.

ಏಣಿ ಹತ್ತಿದೆ. ಚೀಲ ತಡಕಿದೆ. ಇಲ್ಲ.
ಒಂದು ಕೈಯಲ್ಲಿ ಮರ ತಬ್ಬಿ
ಇನ್ನೊಂದನ್ನು ಖಾಲಿ ಮೊಳೆಯ ಮುಂದೆ ಚಾಚಿ
ಮೂರು ಬೆರಳು ಬಿಡಿಸಿದೆ.
ಮೊದಲು ನಕ್ಕರು. ಆಮೇಲೆ ಮರೆತರು.
ಆಮೇಲೆ, ಚೆಂಡು ಹೊರಹೋದಾಗಲೆಲ್ಲ
ಎರಡೂ ವಾಡೆಯವರು
ನನ್ನ ಕೈಯನ್ನು ಓದತೊಡಗಿದರು.

ಇಪ್ಪತ್ತೆರಡು ನಿಮಿಷ.
ಭುಜ ಮೊದಲು ಉರಿಯಿತು, ಆಮೇಲೆ ನನ್ನದಾಗಿರಲಿಲ್ಲ.
ಇಳಿಸಿದರೆ ಕೆಳಗಿನ ವಾಡೆಗೆ ಒಂದು ಗೋಲು ಕಮ್ಮಿಯಾಗುತ್ತದೆ
ಎಂದೇ ನಂಬಿದ್ದೆ, ದೇವರಾಣೆ.
ಗಾರೆಯ ಕೈಯಲ್ಲೇ ಬಂದ ಅವ್ವ
ಏಣಿ ಹಿಡಿದು ನಿಂತಳು, ಆಟಕ್ಕೆ ಬೆನ್ನು ಹಾಕಿ.
‘ಎಷ್ಟೊತ್ತೋ ತಮ್ಮಾ’ ಅಂದಳು, ಒಂದೇ ಸಲ.

ಕತ್ತಲಾಯಿತು, ಯಾರೂ ಗೆಲ್ಲಲಿಲ್ಲ.
ಹಂದಿಗೆ ಇನ್ನೊಂದು ವಾರ ಆಯಸ್ಸು.

ಮುಂದಿನ ಭಾನುವಾರ ಕಾಯ್ತಾನ್ ತಂದ,
ಹೊಸ ಮೂರು, ಬಣ್ಣ ಇನ್ನೂ ಹಸಿ,
ಅವನ ಅಂಗಿಗೂ ತಾಗಿತ್ತು.
ಬೆನ್ನು ತಟ್ಟಿದ. ನನಗೇಕೋ ಅಳು ಬಂತು.
ಮೂರು–ಮೂರು ಮತ್ತೆ ಎಂದೂ ಆಗಲಿಲ್ಲ.
ಗೋಡೆ ಮುಗಿಯಿತು, ನಾವು ವಾಸ್ಕೋಗೆ ಹೋದೆವು.

ಈಗ ಕೆಂಪುಮಣ್ಣು ಸುರಿದು ಎತ್ತರಿಸಿದ್ದಾರೆ,
ರೋಲರ್ ಓಡಿಸಿದ್ದಾರೆ.
ಮೊದಲ ಸಲ ಸಮತಟ್ಟಾಗಿದೆ.
ತೆಂಗು ಒಂದುಂಟು. ಅದೇ ಹೌದೋ ಗೊತ್ತಿಲ್ಲ,
ಮೊಳೆಯ ಗಾಯ ಹುಡುಕಲು ಇಳಿದವನಲ್ಲ ನಾನು.

ಹಿಂದಿನ ಲಾರಿಯವನು ಹಾರ್ನು ಒತ್ತುತ್ತಾನೆ.
ಕಿಟಕಿಯಿಂದ ಕೈ ಹಾಕಿ, ಹೋಗಪ್ಪಾ ಎನ್ನುತ್ತೇನೆ,
ಎಷ್ಟು ಬೆರಳು ಎತ್ತಿದ್ದೆನೋ
ಎಣಿಸಿದ್ದರೆ ಅವನೇ ಎಣಿಸಿರಬೇಕು.